ಮುಂದಿನ ಬಂಗಲೆಗೆ ಎಷ್ಟು ಮೈಲಿ?

ಭಾನುವಾರದ ನಸುಕಿನಲ್ಲಿ, ಹಾಲಿನ ವ್ಯಾನುಗಳನ್ನೂ ಪತ್ರಿಕೆ ಹಂಚುವವರನ್ನೂ ಬಿಟ್ಟರೆ ಬೇರೆ ಸದ್ದಿಲ್ಲದ ಹೊತ್ತಿನಲ್ಲಿ, ದೊಮ್ಮಲೂರು ಮೇಲ್ಸೇತುವೆಯ ಕೆಳಗೆ ಮಿಣುಕುವ ಕೆಂಪು ದೀಪಗಳು ಒಂದೊಂದಾಗಿ ಬಂದು ಸೇರುತ್ತವೆ. ಹೆಲ್ಮೆಟ್ ಧರಿಸಿ, ಅಂಗಿಯ ಬೆನ್ನಿನ ಜೇಬಿಗೆ ಬಾಳೆಹಣ್ಣು ತುರುಕಿಕೊಂಡ ಸೈಕಲ್ ಸವಾರರು ಅಲ್ಲಿಂದ ಇಂದಿರಾನಗರದ ನೂರಡಿ ರಸ್ತೆ ಹಿಡಿದು ಹಳೇ ಮದ್ರಾಸ್ ರಸ್ತೆಗೆ ಹೊರಳುತ್ತಾರೆ. ಕೃಷ್ಣರಾಜಪುರದ ತೂಗುಸೇತುವೆ ದಾಟಿದ ಮೇಲೆ ಕೆಲವರು ನೇರವಾಗಿ ಹೊಸಕೋಟೆಯತ್ತ ಸಾಗಿದರೆ, ಕೆಲವರು ಬೂದಿಗೆರೆ ಕ್ರಾಸಿನಲ್ಲಿ ಎಡಕ್ಕೆ ತಿರುಗಿ ದೇವನಹಳ್ಳಿ, ನಂದಿಬೆಟ್ಟಗಳ ದಾರಿ ಹಿಡಿಯುತ್ತಾರೆ. ಹೊಸಕೋಟೆಗೆ ಹೋದವರು ಅಲ್ಲಿ ಬೆಳಗಿನ ಜಾವಕ್ಕೇ ಹಂಡೆಯಿಂದಿಳಿಯುವ ದಮ್ ಬಿರಿಯಾನಿ ಉಂಡು, ನಂದಿಗೆ ಹೋದವರು ಬೆಟ್ಟ ಹತ್ತಿಳಿದು, ಬಿಸಿಲು ಬಲಿಯುವ ಮೊದಲೇ ಮನೆ ಸೇರುವುದು ವಾಡಿಕೆ.

ಹೋದವರು ಅಂದೇ ಮರಳದೆ, ನೂರು ವರ್ಷ ಕಂಡ ಕಟ್ಟಡವೊಂದರಲ್ಲಿ ರಾತ್ರಿ ಕಳೆದು, ಮರುದಿನ ಇನ್ನೊಂದು ಊರಿನ ಇನ್ನೊಂದು ಹಳೆಯ ವಸತಿಗೃಹಕ್ಕೆ ಸೈಕಲ್ ತುಳಿದು, ಹೀಗೆ ನಾಲ್ಕೈದು ದಿನ ನಾಡನ್ನು ನೋಡುತ್ತ ಸಾಗುವ ಪ್ರವಾಸಕ್ರಮವೊಂದು ಯುರೋಪಿನಲ್ಲಿ ದಶಕಗಳಿಂದ ಬೇರೂರಿದೆ. ಅಂಥ ಪ್ರವಾಸಕ್ಕೆ ಬೇಕಾದ ಕಟ್ಟಡಗಳೂ ದಾರಿಗಳೂ ಹಳೆಯ ಮೈಸೂರು ಸೀಮೆಗೆ ಹೊಸವಲ್ಲ. ದೊಮ್ಮಲೂರಿನಿಂದ ಹೊರಡುವ ಸವಾರನಿಗೆ ಅವು ಏಕೆ ಅರ್ಧ ಮಾತ್ರ ಒದಗುತ್ತವೆ ಎಂಬುದಕ್ಕೆ ಉತ್ತರವು ಇತಿಹಾಸದಲ್ಲಿರುವಷ್ಟೇ ಸರ್ಕಾರಿ ಇಲಾಖೆಗಳ ಕಡತಗಳಲ್ಲಿಯೂ ಇದೆ.

ದಾರಿ ತೋರುವವರಿಲ್ಲದ ಪ್ರವಾಸ

ಸಾಮಾನ್ಯ ಪ್ರವಾಸದಲ್ಲಿ ಗುಂಪಿನ ಮುಂದೆ ಒಬ್ಬ ಮಾರ್ಗದರ್ಶಿ ಇರುತ್ತಾನೆ, ಹಿಂದೊಂದು ವಾಹನ ಬರುತ್ತದೆ, ಎಲ್ಲರೂ ಒಂದೇ ಹೊತ್ತಿಗೆ ಹೊರಟು ಒಂದೇ ಹೊತ್ತಿಗೆ ಊಟಕ್ಕೆ ಕೂರುತ್ತಾರೆ. ಇಲ್ಲಿ ಹಾಗಲ್ಲ. ಪ್ರವಾಸ ಏರ್ಪಡಿಸುವ ಸಂಸ್ಥೆಯು ರಾತ್ರಿಯ ಕೋಣೆಗಳನ್ನು ಕಾದಿರಿಸಿ, ತಿರುವು ತಿರುವಿನ ವಿವರವುಳ್ಳ ದಾರಿನಕ್ಷೆಯನ್ನು ಫೋನಿಗೆ ಕಳುಹಿಸಿ, ಸೈಕಲ್ ಬೇಕಾದವರಿಗೆ ಸೈಕಲ್ ಕೊಟ್ಟು ತಾನು ಬದಿಗೆ ಸರಿಯುತ್ತದೆ. ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಮರದಡಿ ನಿಲ್ಲಬೇಕು, ಯಾವ ಗುಡಿಯನ್ನು ನೋಡದೆ ಮುಂದೆ ಹೋಗಬೇಕು ಎಂಬುದೆಲ್ಲ ಪ್ರವಾಸಿಯ ಪಾಲಿಗೆ ಬಿಟ್ಟದ್ದು. ಬೆಳಿಗ್ಗೆ ಅವನು ಬಿಟ್ಟುಹೋದ ಪೆಟ್ಟಿಗೆ ಮಾತ್ರ ವ್ಯಾನಿನಲ್ಲಿ ಅವನಿಗಿಂತ ಮೊದಲೇ ಮುಂದಿನ ವಸತಿಗೃಹಕ್ಕೆ ತಲುಪಿರುತ್ತದೆ.

ಜರ್ಮನಿಯ ಪಸ್ಸಾವ್ ನಗರದಿಂದ ಆಸ್ಟ್ರಿಯದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ದಂಡೆಗುಂಟ ಸಾಗುವ ಸುಮಾರು 300 ಕಿಲೋಮೀಟರಿನ ಹಾದಿ ಈ ಬಗೆಯ ಪ್ರವಾಸಕ್ಕೆ ಪ್ರಸಿದ್ಧ. ಅಲ್ಲಿ ದಿನಕ್ಕೆ 40ರಿಂದ 60 ಕಿ.ಮೀ. ಸಾಗಿದರೆ ಸಾಕು, ವೃದ್ಧ ದಂಪತಿಗಳೂ ಮಕ್ಕಳೊಂದಿಗೆ ಬಂದ ಕುಟುಂಬಗಳೂ ವಾರವೊಂದರಲ್ಲಿ ಆ ದೂರವನ್ನು ಕ್ರಮಿಸುತ್ತಾರೆ. ಯಾವ ಊರು ಬಂದರೂ ತಲೆಮಾರುಗಳಿಂದ ಒಂದೇ ಮನೆತನದವರು ನಡೆಸಿಕೊಂಡು ಬಂದಿರುವ ವಸತಿಗೃಹ ಸಿಗುತ್ತದೆ, ಅದರ ಹಿತ್ತಿಲಿನಲ್ಲಿ ಸೈಕಲ್ ನಿಲ್ಲಿಸಲು ಬೀಗವಿರುವ ಕೊಟ್ಟಿಗೆ ಸಿಗುತ್ತದೆ. ಈ ಏರ್ಪಾಟು ನಿಂತಿರುವುದು ಮೂರು ಆಧಾರಗಳ ಮೇಲೆ: ಒಂದು ದಿನದ ತುಳಿತಕ್ಕೆ ಒಂದರಂತೆ ಹಳೆಯ ವಸತಿಗೃಹ, ಅವುಗಳ ನಡುವೆ ಗದ್ದಲವಿಲ್ಲದ ದಾರಿ, ಚೀಲ ಹೊರಲು ಬೇರೊಬ್ಬರ ಬೆನ್ನು.

ಪ್ರತಿ ಮಜಲಿಗೆ ಒಂದು ಸೂರು

ಕರ್ನಾಟಕದಲ್ಲಿ ದಾರಿಹೋಕರಿಗೆ ಸೂರು ಕಟ್ಟಿಸುವುದು ಕೆರೆ ತೋಡಿಸುವಷ್ಟೇ ಪುಣ್ಯದ ಕೆಲಸವೆನಿಸಿತ್ತು. ಛತ್ರ, ಅರವಟ್ಟಿಗೆ, ಸಾಲುಮರ, ಹೊರೆ ಇಳಿಸಲು ರಸ್ತೆಬದಿಯ ಕಲ್ಲುಕಟ್ಟೆ, ಇವೆಲ್ಲ ಕಾಲ್ನಡಿಗೆಯ ಮತ್ತು ಎತ್ತಿನ ಗಾಡಿಯ ಕಾಲದ ಹೆದ್ದಾರಿ ಸೌಕರ್ಯಗಳು. ಬೆಂಗಳೂರು ನಗರ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು 1897ರಲ್ಲಿ ಸ್ಥಾಪಿಸಿದ ಧರ್ಮಛತ್ರ ಈ ಪರಂಪರೆಯ ತೀರಾ ಈಚಿನ, ಎಲ್ಲರಿಗೂ ತಿಳಿದಿರುವ ಕೊಂಡಿ.

ಈ ಪರಂಪರೆಯ ಜೊತೆಜೊತೆಗೇ ಬ್ರಿಟಿಷ್ ಆಡಳಿತ ಮತ್ತೊಂದು ಸರಣಿಯನ್ನು ಕಟ್ಟಿತು. 1809ರ ಹೊತ್ತಿಗೆ ಹಲಸೂರಿನ ಬಳಿ ದಂಡುಪ್ರದೇಶ ನೆಲೆಗೊಂಡು, ಮದ್ರಾಸಿನಿಂದ ಸೈನ್ಯ, ಸರಕು, ಟಪಾಲು ಎಲ್ಲವೂ ಹಳೇ ಮದ್ರಾಸ್ ರಸ್ತೆಯ ಮೂಲಕವೇ ಬರತೊಡಗಿದಾಗ, ದಾರಿಯಲ್ಲಿ ತಂಗಲು ಡಾಕ್ ಬಂಗಲೆಗಳು, ಅಂದರೆ ಮೊದಮೊದಲು ಅಂಚೆಯ ಮಜಲುಗಳಿಗೆ ಹೊಂದಿಕೊಂಡು ಎದ್ದ ಸರ್ಕಾರಿ ತಂಗುಮನೆಗಳು, ಅಗತ್ಯವಾದವು. ಪಲ್ಲಕ್ಕಿ ಹೊರುವವರೂ ಗಾಡಿಯ ಎತ್ತುಗಳೂ ಒಂದೇ ದಮ್ಮಿಗೆ ಸಾಗಬಲ್ಲ ದೂರವೇ ಒಂದು ಮಜಲು. ದೇಶದ ಮುಖ್ಯ ರಸ್ತೆಗಳಲ್ಲಿ ಅದು ಸಾಮಾನ್ಯವಾಗಿ 10ರಿಂದ 15 ಮೈಲಿ, ಇಂದಿನ ಲೆಕ್ಕದಲ್ಲಿ 16ರಿಂದ 24 ಕಿ.ಮೀ. ಗಂಟೆಗೆ 15 ಕಿ.ಮೀ. ವೇಗದಲ್ಲಿ ನಾಲ್ಕು ಗಂಟೆ ತುಳಿಯುವ ಸವಾರ ದಿನಕ್ಕೆ ಇಂಥ ಮೂರು ಮಜಲು ದಾಟಬಲ್ಲ. ಎತ್ತಿನ ನಡಿಗೆಗೆಂದು ಕಟ್ಟಿದ ಸರಣಿಯಲ್ಲಿ ಮೂರರಲ್ಲಿ ಎರಡು ಬಂಗಲೆ ಮುಚ್ಚಿಹೋಗಿದ್ದರೂ ಸೈಕಲ್ಲಿಗೆ ಕೊರತೆಯಾಗದು ಎಂಬುದು ಈ ಲೆಕ್ಕದ ಕುತೂಹಲಕರ ಫಲಿತ.

ಮೈಸೂರು ಸಂಸ್ಥಾನದಲ್ಲಿ ಈ ಕಟ್ಟಡಗಳು ಟ್ರಾವೆಲರ್ಸ್ ಬಂಗಲೆ ಎಂಬ ಹೆಸರಿನಲ್ಲಿ, ಜನರ ಬಾಯಲ್ಲಿ ಟಿ.ಬಿ. ಎಂಬ ಎರಡಕ್ಷರವಾಗಿ, ತಾಲ್ಲೂಕು ಕೇಂದ್ರಗಳಲ್ಲಿಯೂ ಮುಖ್ಯ ರಸ್ತೆಗಳಲ್ಲಿಯೂ ಎದ್ದವು. 19ನೆಯ ಶತಮಾನದ ಕೊನೆಗೆ ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಇವನ್ನು ಜಿಲ್ಲಾವಾರಾಗಿ, ಮೊದಲ, ಎರಡನೆಯ, ಮೂರನೆಯ ದರ್ಜೆಗಳಾಗಿ ವಿಂಗಡಿಸಿ ಪಟ್ಟಿ ಮಾಡುತ್ತದೆ. ಇವುಗಳಲ್ಲಿ ಹೆಚ್ಚಾಗಿ ತಂಗುತ್ತಿದ್ದವರು ಯುರೋಪಿಯನ್ನರು ಮತ್ತು ಮೇಲಧಿಕಾರಿಗಳು. ಊರಿನ ಸಾಮಾನ್ಯ ಪ್ರಯಾಣಿಕನಿಗೆ ಛತ್ರ ಅಥವಾ ಮುಸಾಫಿರಖಾನೆ. ಒಂದೇ ರಸ್ತೆಗೆ ಎರಡು ಬಗೆಯ ಸೂರು ಇದ್ದ ಈ ಸಂಗತಿಯನ್ನು ಹಳೆಯ ಬಂಗಲೆಗಳ ಸೊಬಗನ್ನು ವರ್ಣಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಟಿ.ಬಿ.ಗಳ ವಿನ್ಯಾಸ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಊರಿನಿಂದ ಕೊಂಚ ದೂರದ ದಿಬ್ಬದ ಮೇಲೆ, ಸಂಪಿಗೆಯೋ ಮಳೆಮರವೋ ನೆರಳು ಚೆಲ್ಲುವ ಆವರಣ. ಮುಂದೆ ಕಂಬಗಳ ಅಗಲವಾದ ಜಗಲಿ, ಅದರಲ್ಲಿ ಬೆತ್ತದ ಹೆಣಿಗೆಯ, ಕಾಲು ಚಾಚುವಷ್ಟು ಉದ್ದನೆಯ ಕೈಗಳುಳ್ಳ ಆರಾಮಕುರ್ಚಿ. ನಡುವೆ ಊಟದ ಹಜಾರ, ಅದರ ಇಬ್ಬದಿಗೆ ಒಂದೊಂದು ಕೋಣೆ, ಪ್ರತಿ ಕೋಣೆಯ ಹಿಂದೆ ಹೊರಗಿನಿಂದ ನೀರು ತರುವವನಿಗೆ ಬೇರೆ ಬಾಗಿಲುಳ್ಳ ಬಚ್ಚಲು. ಅಡುಗೆಮನೆ ಮಾತ್ರ ಹಿಂದುಗಡೆ ಪ್ರತ್ಯೇಕ. ಅಲ್ಲಿಂದ ಅನ್ನ, ಕೋಳಿಸಾರು ಹೊತ್ತು ಬರುತ್ತಿದ್ದವನು ಮೇಟಿ. ಹಳೆಯ ಮೈಸೂರಿನ ಕಡೆ ಬಂಗಲೆಯ ಉಸ್ತುವಾರಿ, ಅಡುಗೆ, ಹಾಸಿಗೆ, ಬೀಗದ ಕೈ ಎಲ್ಲಕ್ಕೂ ಹೊಣೆಯಾದ ಈ ಒಬ್ಬನೇ ಆಳು ಇಡೀ ವ್ಯವಸ್ಥೆಯ ಜೀವಾಳವಾಗಿದ್ದ. ಡಾಕ್ ಬಂಗಲೆಗಳಿಗೆ ಎಲ್ಲೆಡೆ ಇದ್ದ ನಿಯಮವೊಂದು ಗಮನಾರ್ಹ: ಬಂದವನು ಒಂದು ದಿನ, ಒಂದು ರಾತ್ರಿ ಕೋಣೆಯನ್ನು ಹಕ್ಕಿನಿಂದ ಬಳಸಬಹುದು; ಇಪ್ಪತ್ತನಾಲ್ಕು ಗಂಟೆ ಮೀರಿದ ಮೇಲೆ ಹೊಸಬ ಬಂದರೆ ಜಾಗ ಬಿಟ್ಟುಕೊಡಬೇಕು. ಅದು ನೆಲೆ ನಿಲ್ಲುವವರಿಗಲ್ಲ, ಮುಂದೆ ಸಾಗುವವರಿಗೆ ಮಾಡಿದ ಕಟ್ಟಳೆ.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದ ಮೇಲೆ ಮದ್ರಾಸ್ ರಸ್ತೆಯ ದೂರಪ್ರಯಾಣಿಕರು ಬಂಡಿಯಿಂದಿಳಿದು ಬೋಗಿ ಹತ್ತಿದರು. ಬಂಗಲೆಗಳು ಪಾಳು ಬೀಳದಿದ್ದುದಕ್ಕೆ ಕಾರಣ ಸರ್ಕಾರದ ಸರ್ಕೀಟು. ಅಮಲ್ದಾರ, ಇಂಜಿನಿಯರ್, ಡೆಪ್ಯುಟಿ ಕಮಿಷನರ್ ಊರೂರು ಸುತ್ತಿ ಕ್ಯಾಂಪು ಹಾಕುವಾಗ ಇಳಿದುಕೊಳ್ಳಲು ಅವು ಬೇಕಾದವು. ಕ್ರಮೇಣ ಪ್ರವಾಸಿಯ ಬಂಗಲೆ ಪರಿವೀಕ್ಷಣೆಗೆ ಬಂದವರ ಬಂಗಲೆ, ಅಂದರೆ ಇಂದು ಪ್ರತಿ ಪಟ್ಟಣದವರಿಗೂ ಗೊತ್ತಿರುವ ‘ಐ.ಬಿ.’ ಆಯಿತು. ಬಾಗಿಲು ಮುಚ್ಚಲಿಲ್ಲ, ಯಾರಿಗೆ ತೆರೆಯಬೇಕೆಂಬುದು ಮಾತ್ರ ಬದಲಾಯಿತು.

ಹದಿನಾಲ್ಕು ಸಾವಿರ ಮೈಲಿಯ ದಂಪತಿ

ಸೈಕಲ್ ಮತ್ತು ತಂಗುಮನೆಯನ್ನು ಒಂದೇ ಪ್ರವಾಸದಲ್ಲಿ ಬೆಸೆದವರು ಭಾರತದಲ್ಲಿ ಬಹಳ ಹಿಂದೆಯೇ ಇದ್ದರು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಅವರ ಪತಿ, ವೈದ್ಯ ವಿಲಿಯಂ ಹಂಟರ್ ವರ್ಕ್‌ಮನ್, 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ದೇಶದ ದಕ್ಷಿಣದಿಂದ ಉತ್ತರದವರೆಗೆ ದೇವಾಲಯ, ಮಸೀದಿ, ಸ್ತೂಪಗಳನ್ನು ಹುಡುಕುತ್ತ ಸೈಕಲ್ಲಿನಲ್ಲಿ ಸಂಚರಿಸಿ, 1904ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿಯೇ ತಾವು ಸಾಗಿದ ದೂರವನ್ನು 14,000 ಮೈಲಿ ಎಂದು ದಾಖಲಿಸಿದರು. ಚಹಾ, ಸಕ್ಕರೆ, ಬಿಸ್ಕತ್ತು, ಡಬ್ಬಿಯ ಮಾಂಸ, ನೀರು, ತಲೆದಿಂಬು, ತಲಾ ಒಂದು ಕಂಬಳಿ, ಔಷಧ ಮತ್ತು ರಿಪೇರಿ ಸಾಮಾನು ಅವರ ಹೊರೆ. ಡಾಕ್ ಬಂಗಲೆ ಸಿಕ್ಕಲ್ಲಿ ಬಂಗಲೆ, ಇಲ್ಲದ ಕಡೆ ರೈಲು ನಿಲ್ದಾಣದ ವೇಟಿಂಗ್ ರೂಮು ಅವರ ಬಿಡಾರವಾಗುತ್ತಿತ್ತು. ಒಂದೇ ದಿನ ನಲವತ್ತರವರೆಗೂ ಪಂಕ್ಚರ್ ಹಾಕಿಕೊಳ್ಳಬೇಕಾಗಿ ಬಂದದ್ದೂ ಉಂಟಂತೆ. ಬಯಲುಸೀಮೆಯ ಜಾಲಿಮುಳ್ಳನ್ನು ಬಲ್ಲವರಿಗೆ ಆ ಸಂಖ್ಯೆ ಉತ್ಪ್ರೇಕ್ಷೆಯಾಗಿ ಕಾಣದು.

ಮುಂದೆ ಹಿಮಾಲಯ, ಕಾರಕೋರಂ ಶ್ರೇಣಿಗಳ ಆರೋಹಣಗಳಿಂದ ಹೆಸರಾದ ಈ ಮಹಿಳೆ ಸ್ಕರ್ಟ್ ಧರಿಸಿಯೇ ಸೈಕಲ್ ತುಳಿದರು ಎಂಬುದು ಪ್ರಾಸಂಗಿಕ ಮಾತು. ಮುಖ್ಯವಾದದ್ದು ಬೇರೆ: ಮಾರ್ಗದರ್ಶಿಯಿಲ್ಲದೆ, ನಕ್ಷೆ ಮತ್ತು ಬಂಗಲೆಗಳ ಮಾಹಿತಿಯನ್ನು ನಂಬಿ ಇಬ್ಬರು ಇಡೀ ಉಪಖಂಡವನ್ನು ದಾಟಲು ಸಾಧ್ಯವಾದದ್ದು ಆ ಸರಣಿ ದಾರಿಹೋಕನೆಂಬ ಒಂದೇ ಅರ್ಹತೆಯ ಮೇಲೆ ಅವರಿಗೆ ಬಾಗಿಲು ತೆರೆಯುತ್ತಿದ್ದುದರಿಂದ. ಆ ದಾರಿಹೋಕರು ಬಿಳಿಯರಾಗಿದ್ದುದು ನೆರವಾಯಿತೆಂಬುದನ್ನೂ ಅಲ್ಲಗಳೆಯಲಾಗದು.

ಮೈಸೂರಿನಲ್ಲಿ ಸಾಲು, ದಾರಿಯಲ್ಲಿ ಶೂನ್ಯ

ಇಂದು ದೊಮ್ಮಲೂರಿನಿಂದ ಇಂಥ ಪ್ರವಾಸ ಯೋಜಿಸುವವರಿಗೆ ಮೊದಲು ಹೊಳೆಯುವುದು ಮೈಸೂರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದರೆ ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಒಟ್ಟಾರೆ ದಾರಿ ಇಳಿಜಾರೇ. ಹೋಗಿ ಸೇರುವ ಊರಿನಲ್ಲಿ ಐತಿಹಾಸಿಕ ಹೋಟೆಲುಗಳಿಗೂ ಬರವಿಲ್ಲ. ವೈಸರಾಯ್ ಬಂದಾಗ ಇಳಿದುಕೊಳ್ಳಲೆಂದೇ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಶಂಕುಸ್ಥಾಪನೆ ಮಾಡಿ, ಮುಂಬಯಿಯ ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್‌ಲಿ ಅವರಿಂದ ಕಟ್ಟಿಸಿದ ಲಲಿತಮಹಲ್ ಅರಮನೆ 1974ರಲ್ಲಿ ಹೋಟೆಲಾಯಿತು. ಮಹಾರಾಜರ ಬ್ರಿಟಿಷ್ ಅತಿಥಿಗಳಿಗಾಗಿ 1920ರಲ್ಲಿ ಎದ್ದ ಮೆಟ್ರೊಪೋಲ್ ಇನ್ನೂ ತನ್ನ ಒಳಾಂಗಣ ಮತ್ತು ಜಗಲಿಗಳನ್ನು ಉಳಿಸಿಕೊಂಡಿದೆ. ರಾಜಕುಮಾರಿಯರಿಗಾಗಿ ಕಟ್ಟಿದ ಚಿತ್ತರಂಜನ್ ಅರಮನೆ ಹಲವು ವರ್ಷ ಪ್ರೀಮಿಯರ್ ಸ್ಟುಡಿಯೋ ಆಗಿ ಕನ್ನಡ ಚಿತ್ರರಂಗಕ್ಕೆ ನೆರಳು ಕೊಟ್ಟು, ಬಳಿಕ ಗ್ರೀನ್ ಹೋಟೆಲ್ ಎಂಬ ಹೆಸರಿನಲ್ಲಿ, ಲಾಭವನ್ನು ಸೇವಾಕಾರ್ಯಗಳಿಗೆ ವಿನಿಯೋಗಿಸುವ ವಸತಿಗೃಹವಾಗಿ ಮಾರ್ಪಟ್ಟಿದೆ. ಸೈಕಲ್ಲಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚಿನ ದೂರದಲ್ಲಿ, ಕೃಷ್ಣರಾಜಸಾಗರದ ಬೃಂದಾವನವನ್ನು ನೋಡುತ್ತ ನಿಂತ ಮಹಾರಾಜರ ಕಾಲದ ಹೋಟೆಲ್ ಇದೆ. ಊರೊಳಗೆ ಸುತ್ತಲು 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳೂ ಇವೆ.

ತೊಡಕಿರುವುದು ನಡುದಾರಿಯಲ್ಲಿ. ಗದ್ದಲದ ಹೆದ್ದಾರಿಯನ್ನು ಬಿಟ್ಟು ಕನಕಪುರ, ಮಳವಳ್ಳಿ, ಶಿವನಸಮುದ್ರ, ತಲಕಾಡು, ಸೋಮನಾಥಪುರಗಳ ಮೂಲಕ ಸಾಗುವ ಹಾದಿ ನೋಟಕ್ಕೆ ಸಾಟಿಯಿಲ್ಲದ್ದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಶಿವನಸಮುದ್ರದ ಉತ್ಪಾದನಾ ಕೇಂದ್ರ, ಮರಳಿನಲ್ಲಿ ಹೂತ ತಲಕಾಡಿನ ಗುಡಿಗಳು, 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರದ ಕೇಶವ ದೇವಾಲಯ ಎಲ್ಲವೂ ಒಂದೇ ದಾರದಲ್ಲಿ ಬರುತ್ತವೆ. ಆದರೆ ದೊಮ್ಮಲೂರಿನಿಂದ ಶಿವನಸಮುದ್ರ 120 ಕಿ.ಮೀ.ಗೂ ಹೆಚ್ಚು. ವಿರಾಮದ ಸವಾರನಿಗೆ ಅದು ಎರಡು ದಿನದ ದಾರಿ. ನಡುವಣ ರಾತ್ರಿಗೆ ಕನಕಪುರದಲ್ಲೋ ಸಾತನೂರಿನಲ್ಲೋ ಮದುವೆ ಛತ್ರದ ಪಕ್ಕದ ಲಾಡ್ಜ್ ಸಿಗಬಹುದು, ಇತಿಹಾಸದ ವಾಸನೆಯುಳ್ಳ ಕೋಣೆ ಸಿಗುವುದಿಲ್ಲ. ಅರಮನೆಗಳು ಪ್ರವಾಸದ ಕೊನೆಯಲ್ಲಿ ಗುಂಪುಗೂಡಿ ಕುಳಿತಿದ್ದು, ನಡುವೆ ಬೇಕಾದ ಸಾಧಾರಣ ಜಗಲಿಯೊಂದು ಕಾಣೆಯಾಗಿರುವುದೇ ಈ ದಾರಿಯ ಕೊರತೆ.

ನಂದಿಯ ಬಳಸುದಾರಿ

ಪೂರ್ವ ಬೆಂಗಳೂರಿನವರಿಗೆ ಹೆಚ್ಚು ಒಗ್ಗುವುದು ಉತ್ತರಕ್ಕೆ ಹೋಗಿ ಪೂರ್ವದಿಂದ ಮರಳುವ ಬಳಸುದಾರಿ. ಹೊಯ್ಸಳ ರಾಮನಾಥನ ಕಾಲದ ತಮಿಳು ಶಾಸನಗಳುಳ್ಳ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಬಳಿ ಹೊರಟು, ಬೂದಿಗೆರೆಯ ಮೂಲಕ ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆಗೆ ಸುಮಾರು 40 ಕಿ.ಮೀ. 2008ರ ಮೇ ತಿಂಗಳವರೆಗೆ ದೊಮ್ಮಲೂರಿನ ಮಗ್ಗುಲಲ್ಲೇ ಇದ್ದ ವಿಮಾನ ನಿಲ್ದಾಣ ಈಗ ಈ ದಾರಿಯ ತುದಿಗೆ ಹೋಗಿ ಕುಳಿತಿರುವುದರಿಂದ ಅಷ್ಟು ದೂರವೂ ಲಾರಿ, ಟ್ಯಾಕ್ಸಿಗಳ ಕಾಟ ತಪ್ಪದು. ದೇವನಹಳ್ಳಿ ದಾಟಿ, ಕೆಂಪೇಗೌಡರ ಪೂರ್ವಜರು ಬಂದು ನೆಲೆಸಿದರೆನ್ನುವ ಆವತಿಯನ್ನು ಹಾದರೆ ದ್ರಾಕ್ಷಿತೋಟಗಳ ನಡುವೆ ದಾರಿ ಹಗುರಾಗುತ್ತದೆ. ನೂರು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದ ಕಿರುಗೇಜಿನ ರೈಲಿಗಾಗಿ ಕಟ್ಟಿದ, ಹೆಂಚಿನ ಮಾಡಿನ ನಂದಿ ನಿಲ್ದಾಣವನ್ನು ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರ ಮಾಡಿರುವುದು ಹಳೆಯ ಸಣ್ಣ ಕಟ್ಟಡಗಳನ್ನು ಹೇಗೆ ಉಳಿಸಬಹುದೆಂಬುದಕ್ಕೆ ಹತ್ತಿರದ ಮಾದರಿ.

ಮೊದಲ ರಾತ್ರಿ ಬೆಟ್ಟದ ಮೇಲೆ. ತಪ್ಪಲಿನಿಂದ ತುದಿಗೆ ಸುಮಾರು 8 ಕಿ.ಮೀ.; ಸವಾರರು ನಲವತ್ತೆಂದು ಎಣಿಸುವ ತಿರುವುಗಳು. ಮೊದಲರ್ಧ ಮಾತಾಡಿಕೊಂಡು ಹತ್ತಬಹುದು. ಕೊನೆಯ ಎರಡು ಕಿಲೋಮೀಟರಿನಲ್ಲಿ ಚೈನು ಹಿಂದಿನ ಅತಿ ದೊಡ್ಡ ಹಲ್ಲಿನ ಗಾಲಿಗೆ ಏರಿ ನಿಂತಿದ್ದರೂ ಮುಂಗಾಲಿ ನೆಲದಿಂದೆದ್ದಂತೆ ಭಾಸವಾಗಿ, ತಿರುವಿನ ಒಳಮಗ್ಗುಲು ಬಿಟ್ಟು ಹೊರಮಗ್ಗುಲಿನ ಕೊಂಚ ಸಪಾಟು ಅಂಚನ್ನು ಹಿಡಿಯುವ ಉಪಾಯ ತಾನಾಗಿ ಹೊಳೆಯುತ್ತದೆ. 1,478 ಮೀಟರ್ ಎತ್ತರದ ಆ ತುದಿಯಲ್ಲಿ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಗೆಯನ್ನು ಕಳೆಯುತ್ತಿದ್ದ. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು, ಮತ್ತೆ 1936ರಲ್ಲಿ ಗಾಂಧೀಜಿ ಇಲ್ಲಿ ತಂಗಿದ್ದರು. 1986ರಲ್ಲಿ ಸಾರ್ಕ್ ರಾಷ್ಟ್ರಗಳ ನಾಯಕರು ಬಿಡುವಿನ ಮಾತುಕತೆಗೆ ಇಲ್ಲಿಗೇ ಬಂದರು. ಗಾಂಧಿ ನಿಲಯ, ನೆಹರೂ ನಿಲಯ ಎಂಬ ಅತಿಥಿಗೃಹಗಳ ಹೆಸರುಗಳಲ್ಲಿ ಈ ಚರಿತ್ರೆಯ ತುಣುಕುಗಳಿವೆ. ವಾರಾಂತ್ಯದ ಹಗಲಿನಲ್ಲಿ ಕಾರುಗಳಿಂದ ಉಸಿರುಗಟ್ಟುವ ಈ ಬೆಟ್ಟ ಸಂಜೆ ಗೇಟು ಮುಚ್ಚಿದ ಮೇಲೆ ಮಾತ್ರ ಗಿರಿಧಾಮವೆನಿಸಿಕೊಳ್ಳುತ್ತದೆ. ಆ ಹೊತ್ತನ್ನು ಕಾಣುವುದು ಅಲ್ಲಿ ಕೋಣೆ ಪಡೆದವರು ಮಾತ್ರ.

ಮರುದಿನ ಇಳಿದು, ಭೋಗನಂದೀಶ್ವರನ ಕಲ್ಯಾಣಿ ನೋಡಿ, ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಅವರ ಮನೆಯನ್ನು ಹೊಕ್ಕು, ಹಿಪ್ಪುನೇರಳೆ ತೋಟಗಳ ನಡುವೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಂತಾಮಣಿಗೆ ಸಾಗಬಹುದು. ನೂಲು ತೆಗೆಯುವ ಮನೆಗಳಿಂದ ಬರುವ ಬೇಯುವ ಗೂಡಿನ ವಾಸನೆ ಶಿಡ್ಲಘಟ್ಟ ಸಮೀಪಿಸಿತೆಂದು ಊರ ಹೆಸರಿನ ಫಲಕಕ್ಕಿಂತ ಮೊದಲೇ ತಿಳಿಸುತ್ತದೆ. ಮೂರನೆಯ ದಿನ ಕೋಲಾರ. ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳು ಪೇಟೆಯೊಳಗೇ ಇವೆ. ನಾಲ್ಕನೆಯ ದಿನ ಹೊಸಕೋಟೆಯ ಮೂಲಕ 70 ಕಿ.ಮೀ.ಗಳೊಳಗೆ ಮನೆ. ಚಿಂತಾಮಣಿ, ಕೋಲಾರಗಳಲ್ಲಿಯೂ ಖಾಸಗಿ ಲಾಡ್ಜುಗಳಿಗೆ ಕೊರತೆಯಿಲ್ಲ, ಐ.ಬಿ.ಗಳೂ ಇವೆ. ಆದರೆ ಆ ಐ.ಬಿ.ಯ ಬೀಗದ ಕೈ ಸವಾರನಿಗೆ ಸಿಗುವುದೇ ಎಂಬುದು ಮಾತ್ರ ಹೊರಡುವ ದಿನದವರೆಗೂ ಇತ್ಯರ್ಥವಾಗದ ವಿಚಾರ.

ಬೀಗದ ಕೈ ಯಾರ ಬಳಿ?

ಲೋಕೋಪಯೋಗಿ ಇಲಾಖೆಯ ಬಂಗಲೆಯಾದರೆ ಅಲ್ಲಿನ ಇಂಜಿನಿಯರ ಒಪ್ಪಿಗೆ ಬೇಕು, ಅರಣ್ಯದ ಅಂಚಿನದಾದರೆ ಅರಣ್ಯ ಇಲಾಖೆಯದು, ಜಲಾಶಯದ ಬಳಿಯದಾದರೆ ನೀರಾವರಿಯವರದು. ನಂದಿಬೆಟ್ಟವೋ ಬಹುಕಾಲ ತೋಟಗಾರಿಕೆ ಇಲಾಖೆಯ ಆಡಳಿತದಲ್ಲಿತ್ತು. ಖಾಲಿಯಿದ್ದರೆ ಸಾರ್ವಜನಿಕರಿಗೆ ಕೊಡುವುದುಂಟು. ಆದರೆ ಮಂತ್ರಿಗಳೋ ಅಧಿಕಾರಿಗಳೋ ಬರುವ ಸುದ್ದಿ ಬಂದರೆ ಕಾದಿರಿಸಿದ ಕೋಣೆಯೂ ಕೈತಪ್ಪುತ್ತದೆ. ಕಾರಿನಲ್ಲಿ ಬಂದವನು ಮುಂದಿನ ಊರಿಗೆ ಹೋದಾನು. ಅರವತ್ತು ಕಿಲೋಮೀಟರ್ ತುಳಿದು ಸಂಜೆ ಬಂದವನಿಗೆ ಮುಂದಿನ ಊರೆಂಬುದಿಲ್ಲ. ಖಚಿತ ಕಾದಿರಿಸುವಿಕೆ ಬೇರೆ ಪ್ರವಾಸಿಗರಿಗೆ ಅನುಕೂಲವಾದರೆ ಸೈಕಲ್ ಪ್ರವಾಸಿಗೆ ಅದೇ ಅಡಿಪಾಯ.

ಸ್ಪೇನ್ ದೇಶ ಇದೇ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿತು. ಅಲ್ಲಿನ ಸರ್ಕಾರ 1928ರಲ್ಲಿ ಗ್ರೆಡೋಸ್ ಬೆಟ್ಟಸಾಲಿನಲ್ಲಿ ಮೊದಲ ‘ಪರಾದೋರ್’ ತೆರೆದು, ಮುಂದೆ ಹಳೆಯ ಕೋಟೆ, ಮಠ, ಅರಮನೆಗಳನ್ನು ಒಂದೊಂದಾಗಿ ಅದೇ ಸರಣಿಗೆ ಸೇರಿಸಿತು. ಇಂದು ಅವು 90ಕ್ಕೂ ಹೆಚ್ಚು. ಬಹುತೇಕ ಎಲ್ಲದರ ಒಡೆತನ ಸರ್ಕಾರದ್ದು, ಎಲ್ಲಕ್ಕೂ ಕಾದಿರಿಸುವ ಕಿಟಕಿ ಒಂದೇ. ಕರ್ನಾಟಕದಲ್ಲಿಯೂ ಒಡೆತನ ಸರ್ಕಾರದ್ದೇ, ಕಿಟಕಿಗಳು ಮಾತ್ರ ಹತ್ತು ಹಲವು. ಹೊಸ ಹೋಟೆಲು ಕಟ್ಟುವುದಕ್ಕಿಂತ ಇರುವ ಐ.ಬಿ.ಗಳಲ್ಲಿ ತಲಾ ಒಂದು ಕೋಣೆಯನ್ನು ಮಾತ್ರ ಹಳೆಯ ಇಪ್ಪತ್ತನಾಲ್ಕು ಗಂಟೆಯ ಕಟ್ಟಳೆಯಂತೆ ದಾರಿಹೋಕರಿಗೆ ಮೀಸಲಿಟ್ಟು, ಒಂದೇ ಕಡೆ ಹಣ ಕಟ್ಟಿ ಪಡೆಯುವಂತೆ ಮಾಡಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸವಾದೀತು.

ಖಾಸಗಿಯವರಿಗೆ ವಹಿಸಿದರೆ ಸರಿಹೋಗುವುದೆಂಬ ವಾದಕ್ಕೂ ಮಿತಿಯಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪಾರಂಪರಿಕ ಹೋಟೆಲ್ ವರ್ಗೀಕರಣದ ಪ್ರಕಾರ 1950ಕ್ಕೆ ಮೊದಲು ಕಟ್ಟಿದ ಮನೆ, ಅರಮನೆ, ಕೋಟೆಗಳು ‘ಹೆರಿಟೇಜ್’, 1935ಕ್ಕೆ ಮೊದಲಿನವು ‘ಕ್ಲಾಸಿಕ್’ ಅಥವಾ ‘ಗ್ರಾಂಡ್’ ದರ್ಜೆಗೆ ಅರ್ಹ. ಆದರೆ ಕೆಳಗಿನ ದರ್ಜೆಗೂ ಕನಿಷ್ಠ 5 ಕೋಣೆಗಳಿರಬೇಕು. ಹಜಾರದ ಇಬ್ಬದಿಗೆ ಒಂದೊಂದು ಕೋಣೆಯುಳ್ಳ ಟಿ.ಬಿ. ವಯಸ್ಸಿನಲ್ಲಿ ಗ್ರಾಂಡ್ ಆಗಿದ್ದರೂ ಅಳತೆಯಲ್ಲಿ ಪಟ್ಟಿಯ ಹೊರಗೇ ಉಳಿಯುತ್ತದೆ. ಅರಮನೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಬಂಗಲೆಗಳ ನಾಡಿಗೆ ಹೊಂದದಿರುವುದು ಸಹಜವೇ.

ಹೆದ್ದಾರಿ ಮತ್ತು ಆಷಾಢದ ಗಾಳಿ

ಎರಡನೆಯ ಆಧಾರವಾದ ದಾರಿ ದಿನೇ ದಿನೇ ಕಿರಿದಾಗುತ್ತಿದೆ, ಅಂದರೆ ಅಗಲವಾಗುತ್ತಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಎಂಜಿನ್ ಇಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ಲಿಗೆ ಉಳಿದದ್ದು ಎದುರು ದಿಕ್ಕಿನಿಂದ ಬರುವವರೂ ಬಳಸುವ ಸರ್ವೀಸ್ ರಸ್ತೆ. ಹಳೇ ಮದ್ರಾಸ್ ರಸ್ತೆಯೂ ಅಗಲವಾಗಿದೆ, ಎತ್ತಿನ ಗಾಡಿಯ ಕಾಲದ ಸಾಲುಮರಗಳು ಬಹುಪಾಲು ಹೋಗಿವೆ. ಸಾಲುಮರದ ತಿಮ್ಮಕ್ಕ ದಂಪತಿ ಆಲಗಳನ್ನು ನೆಟ್ಟು ನೀರೆರೆದು ಬೆಳೆಸಿದ ಹುಲಿಕಲ್–ಕುದೂರು ದಾರಿಯಂಥವು ಈಗ ಅಪವಾದ. ಹೀಗಾಗಿ ಅನುಭವಿ ಸವಾರರು ಹೆದ್ದಾರಿಯನ್ನು ಅಡ್ಡ ದಾಟುವುದಕ್ಕೆ ಮಾತ್ರ ಬಳಸಿ, ಹಳ್ಳಿಯಿಂದ ಹಳ್ಳಿಗೆ ಹಾಲಿನ ಡೈರಿಯ ವಾಹನ ಓಡಾಡುವ ಡಾಂಬರು ದಾರಿಗಳನ್ನು ಪೋಣಿಸಿಕೊಳ್ಳುತ್ತಾರೆ. ಹತ್ತು ಕಿಲೋಮೀಟರ್ ಹೆಚ್ಚಾದರೂ ಹಾರ್ನಿನ ಸದ್ದಿಲ್ಲ.

ದಾರಿಯಷ್ಟೇ ಗಾಳಿಯನ್ನೂ ಲೆಕ್ಕಕ್ಕಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಷಾಢದಲ್ಲಿ, ಬಯಲುಸೀಮೆಯ ಮೇಲೆ ಪಡುವಣ ಗಾಳಿ ಬೀಸುತ್ತದೆ. ಆಗ ಮೈಸೂರಿನ ಕಡೆ ಹೊರಟವನು ಇಳಿಜಾರಿನಲ್ಲಿಯೂ ತುಳಿಯಬೇಕು. ಕೋಲಾರದ ಕಡೆ ಹೊರಟವನನ್ನು ಗಾಳಿಯೇ ಬೆನ್ನುತಟ್ಟಿ ಕಳುಹಿಸುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ ಬಡಿಯುವುದರಿಂದ, ಪಾರ್ಸೆಲ್ ಕಚೇರಿಯಿರುವ ರೈಲು ನಿಲ್ದಾಣದಲ್ಲಿ ಸೈಕಲ್ಲನ್ನು ಲಗೇಜು ಮಾಡಿಸಿ ಬ್ರೇಕ್ ವ್ಯಾನಿಗೆ ಹಾಕಿ ಬರುವುದರಲ್ಲಿ ಅವಮಾನವೇನಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಗಾಳಿ ಮೂಡಣಕ್ಕೆ ತಿರುಗಿ, ಮೈಸೂರಿನ ದಾರಿಯ ಸರದಿ ಬರುತ್ತದೆ.

ಚೀಲ ಮತ್ತು ಪಂಪು

ಮೂರನೆಯ ಆಧಾರ ಹೊರೆಯದು. ಪೆಟ್ಟಿಗೆಯನ್ನು ಮುಂದಿನ ಊರಿಗೆ ಒಯ್ಯುವ ವ್ಯಾನಿನ ಸೇವೆ ಇಲ್ಲಿ ಇನ್ನೂ ವ್ಯಾಪಕವಾಗಿಲ್ಲ. ಇದ್ದರೂ ಇಬ್ಬರ ಪ್ರವಾಸಕ್ಕೆ ಅದು ದುಬಾರಿ. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆಯ ಮೂಲಕ ದೊಡ್ಡ ಊರಿನ ಬಸ್ ನಿಲ್ದಾಣಕ್ಕೆ ಚೀಲ ಕಳುಹಿಸಬಹುದಾದರೂ ನಿತ್ಯದ ಬದಲಿ ಬಟ್ಟೆಗೆ ಅದು ನಂಬುವಂಥದ್ದಲ್ಲ. ಉಳಿದ ದಾರಿಯೆಂದರೆ ಹಿಂದಿನ ಕಾಲದ ವರ್ತಕರು ಕುದುರೆಯ ಬೆನ್ನಿಗೆ ಹಾಕುತ್ತಿದ್ದ ಹಸಿಬೆಯಂತೆ, ಕ್ಯಾರಿಯರಿನ ಎರಡೂ ಮಗ್ಗುಲಿಗೆ ತೂಗುವ ಜೋಡಿ ಚೀಲ. ಎರಡೂ ಕಡೆ ತೂಕ ಸಮವಾಗಿರಬೇಕು, ಭಾರದ ವಸ್ತು ಕೆಳಗಿರಬೇಕು. ಎರಡು ಜೊತೆ ಬಟ್ಟೆ, ಒಂದು ಟವಲು, ಮಳೆಯಂಗಿ, ರಿಪೇರಿ ಸಾಮಾನುಗಳಿಗಿಂತ ಹೆಚ್ಚಿನದೆಲ್ಲ ನಂದಿಯ ತಿರುವುಗಳಲ್ಲಿ ಪಶ್ಚಾತ್ತಾಪಕ್ಕೆ ಕಾರಣವಾಗುತ್ತದೆ.

ರಿಪೇರಿಯ ಮಟ್ಟಿಗೆ ಕರ್ನಾಟಕದ ಹಳ್ಳಿಗಳು ಯುರೋಪಿಗಿಂತ ಅನುಕೂಲ. ಬಸ್‌ಸ್ಟಾಪಿರುವಲ್ಲೆಲ್ಲ ಹಳೆಯ ಟೈರು ನೇತುಹಾಕಿದ ಪಂಕ್ಚರ್ ಅಂಗಡಿಯಿರುತ್ತದೆ. ಅಲ್ಲಿ ನೀರಿನ ಬಾಣಲೆಯಲ್ಲಿ ಟ್ಯೂಬನ್ನು ಅದ್ದಿ, ಗುಳ್ಳೆಯೇಳುವ ಜಾಗವನ್ನು ಹೆಬ್ಬೆರಳಿನಿಂದ ಹಿಡಿದು, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಕೂರಿಸುವ ಕೈಗಳಿಗೆ ಯಾವ ದೇಶದ ಟ್ಯೂಬೂ ಅಪರಿಚಿತವಲ್ಲ. ಎಡವಟ್ಟಾಗುವುದು ಗಾಳಿ ತುಂಬುವಾಗ. ಸಾಮಾನ್ಯ ಸೈಕಲ್ಲಿನ, ಒಳಗೆ ತೆಳು ರಬ್ಬರಿನ ವಾಲ್‌ಟ್ಯೂಬ್ ಇರುವ ಬಾಯಿಗೂ ಬೈಕಿನ ದಪ್ಪ ಬಾಯಿಗೂ ಅಲ್ಲಿನ ಪಂಪು ಹೊಂದುತ್ತದೆ. ದುಬಾರಿ ಸೈಕಲ್ಲುಗಳ, ತುದಿಯಲ್ಲಿ ಪುಟ್ಟ ತಿರುಪಿರುವ, ‘ಪ್ರೆಸ್ಟಾ’ ಎನ್ನುವ ಕಡ್ಡಿಯಂಥ ಬಾಯಿಗೆ ಹೊಂದುವುದಿಲ್ಲ. ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರನ್ನು ಅದರ ಮೇಲೆ ತಿರುಗಿಸಿದರೆ ಬೈಕಿನ ಪಂಪೇ ಸಾಕಾಗುತ್ತದೆ. ಉಗುರಿನಷ್ಟು ಗಾತ್ರದ ಈ ವಸ್ತು ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಎರಡನ್ನು ಒಯ್ಯುವುದು ಲೇಸು, ಏಕೆಂದರೆ ಒಂದು ಸಾಮಾನ್ಯವಾಗಿ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆಯೇ ಉಳಿದುಬಿಡುತ್ತದೆ.